ಸುಮ್ಮನಾದವರ ದೂರು

ರಾಣೇಬೆನ್ನೂರು
ಕಾರ್ತಿಕ ಶುದ್ಧ ಪಾಡ್ಯ, ಕ್ರಿ.ಶ. 2131

ಮುತ್ತಜ್ಜಿ ಶೈಲಜಾ ಅವರಿಗೆ, ನೀವು ಎಂದೂ ಕಾಣದ ಮರಿಮಗಳು ಹೇಮಗಂಗಾ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ಯಾರೋ ತಮಾಷೆ ಮಾಡುತ್ತಿದ್ದಾರೆ ಎಂದುಕೊಳ್ಳಬೇಡಿ. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಿ. ನೂರು ವರ್ಷದಲ್ಲಿ ಕೆಲವು ಪದಗಳು ಸವೆದುಹೋಗಿವೆ, ಕೆಲವನ್ನು ನಾವೇ ಹುಟ್ಟಿಸಿಕೊಂಡಿದ್ದೇವೆ. ಇದನ್ನು ಓದುವಾಗ ನೀವು ಇನ್ನೂ ಮೂವತ್ತರ ಆಸುಪಾಸಿನವರು, ಬರೆಯುತ್ತಿರುವ ನಾನು ಐವತ್ತಕ್ಕೆ ಬಂದವಳು. ಹಾಗಾಗಿ ಮುತ್ತಜ್ಜಿ ಎಂದು ಕರೆಯುತ್ತಲೇ ಸ್ವಲ್ಪ ಬುದ್ಧಿ ಹೇಳುವ ಸಲಿಗೆಯನ್ನೂ ತೆಗೆದುಕೊಳ್ಳುತ್ತೇನೆ.

ಮೊದಲು ಸಂತೋಷದ ಸುದ್ದಿ. ಈ ವಾರ ನೀವು ಕುಳಿತು ಬರೆಯುತ್ತಿರುವ ಪ್ರೋಗ್ರಾಮು ಗೆದ್ದಿದೆ. ಊರಿನ ಸಣ್ಣ ಅಂಗಡಿಗಳ ವೆಬ್‌ಸೈಟುಗಳನ್ನು ನಿಮ್ಮ ಸರ್ವರಿನಲ್ಲಿ ಇಟ್ಟುಕೊಂಡು, ಅವುಗಳ ಹೆಸರನ್ನು ಸರ್ವರಿಗೆ ಜೋಡಿಸುವುದು, ಬಿಲ್ಲು ಕಳಿಸುವುದು, ಫೋನಿಗೆ ಉತ್ತರಿಸುವುದು ಎಲ್ಲವನ್ನೂ ಒಬ್ಬರೇ ಮಾಡಿ ಹೈರಾಣಾದ ನೀವು, ಇವು ತಾವಾಗಿಯೇ ನಡೆಯಲಿ ಎಂದು ಹೊರಟಾಗ ಮನೆಯವರೆಲ್ಲ ನಕ್ಕಿದ್ದರಂತೆ. ನಕ್ಕವರ ಮರಿಮಕ್ಕಳೆಲ್ಲ ಈಗ ಅದರಲ್ಲೇ ಉಣ್ಣುತ್ತಿದ್ದಾರೆ.

ಆ ಪ್ರೋಗ್ರಾಮಿನ ಮೂವರು ಕೆಲಸಗಾರರಿಗೆ ನಾವು ಹೆಸರಿಟ್ಟಿದ್ದೇವೆ. ಯಾರಾದರೂ ಗಿರಾಕಿಯ ಹೆಸರು ಹೇಳಿ ಹುಡುಕಿದರೆ ಅವರ ಅಂಗಡಿ ಯಾವ ಯಂತ್ರದಲ್ಲಿದೆ ಎಂದು ತೋರಿಸುವವನು ದಾರಿಗ. ನೀವು ಡಿಎನ್‌ಎಸ್ ಎನ್ನುವುದು ಇದನ್ನೇ. ಬಿಲ್ಲಿನವನು ಲೆಕ್ಕಿಗ. ಗಿರಾಕಿಗಳ ದೂರಿಗೆ ಉತ್ತರ ಕೊಡುವವನು ಓಗೊಡುಗ. ನಮ್ಮ ಕಡೆಯ ಮಾತನ್ನು ಚೆನ್ನಾಗಿ ಕಲಿತಿದ್ದಾನೆ, ಮಳೆಬೆಳೆ ವಿಚಾರಿಸದೆ ವಿಷಯಕ್ಕೇ ಬರುವುದಿಲ್ಲ. ಸರ್ವರುಗಳು ಹಿತ್ತಲಿನ ನೆಲದಡಿ ಇವೆ. ಅವುಗಳ ಬಿಸಿಯನ್ನು ಬಿಸಿಗೊಳವೆ ಎಂಬ ಕೊಳವೆಯಲ್ಲಿ ಓಣಿಯ ಬಚ್ಚಲುಮನೆಗಳಿಗೆಲ್ಲ ಹರಿಸಿದ್ದೇವೆ. ಮೊನ್ನೆ ಹಬ್ಬದ ಎಣ್ಣೆಸ್ನಾನ ಆದದ್ದು ಅದೇ ನೀರಲ್ಲಿ. ಬೆಳಿಗ್ಗೆ ನಾನು ಚಹಾ ಕುಡಿದು ಲೋಟ ಇಡುವುದರೊಳಗೆ ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯ ಅಂಗಡಿ ಒಂದು ಯಂತ್ರದಿಂದ ಇನ್ನೊಂದಕ್ಕೆ ಹೋಗಿ ಕುಳಿತಿರುತ್ತದೆ. ನಿಮ್ಮ ಬಗ್ಗೆ ನಮಗೆ ಎಷ್ಟು ಹೆಮ್ಮೆ ಎಂದು ಬರೆಯಲು ಹೋದರೆ ನೀವೇ ಸಾಕು ಮಾಡು ಎನ್ನುತ್ತೀರಿ.

ಒಂದು ಕೆಲಸವನ್ನು ಮಾತ್ರ ನೀವು ಯಂತ್ರಕ್ಕೆ ಕೊಡಲಿಲ್ಲ. ದಸರೆಯ ದಿನ ಪ್ರತಿಯೊಬ್ಬ ಗಿರಾಕಿಯ ಮನೆಗೂ ನಮ್ಮವರೇ ಹೋಗಿ ಬನ್ನಿ ಕೊಟ್ಟು, ಬಂಗಾರದಂಗ ಇರೂಣು ಎಂದು ಹೇಳಿ ಬರಬೇಕೆಂದು ಕಟ್ಟುನಿಟ್ಟು ಮಾಡಿದಿರಿ. ಅದು ಇವತ್ತಿಗೂ ತಪ್ಪಿಲ್ಲ. ತುಮ್ಮಿನಕಟ್ಟಿಯ ನೀಲಗಂಗವ್ವನ ಮನೆಗೆ ವರ್ಷವೂ ನನ್ನ ಅಣ್ಣ ಹೋಗುತ್ತಿದ್ದ. ಈ ಸಲ ಅವನ ಕಾಲು ನೋಯುತ್ತಿತ್ತೆಂದು ನಾನು ಹೋದೆ.

ನೀಲಗಂಗವ್ವ ಬೀಜ ಮಾರುವವಳು. ಅವಳ ಹೊಲದ ಮೊಗ್ಗಿನಂಥ ಪುಟ್ಟ ಮುಳಗಾಯಿ ಬೇರೆಲ್ಲೂ ಇಲ್ಲ. ನಮ್ಮ ಮನೆಯ ಎಣ್ಣೆಗಾಯಿಗೆ ಆ ಬದನೆಯೇ ಆಗಬೇಕಿತ್ತು. ದಸರೆಯ ಹೊತ್ತಿಗೆ ಅವಳ ಪಡಸಾಲೆ ತುಂಬ ಬಟ್ಟೆ ಹಾಸಿ ಬೀಜ ಒಣಗಿಸಿರುತ್ತಾಳೆ ಎಂದು ಕೇಳಿದ್ದೆ. ನಾನು ಹೋದಾಗ ಪಡಸಾಲೆ ಬರಿದಾಗಿತ್ತು. ಯಾಕೆ ಎಂದು ಕೇಳಿದೆ.

"ಮೂರು ವರ್ಷ ಆತವ್ವ, ಬೀಜ ಬೇಕಂತ ಯಾರೂ ಕೇಳಲಿಲ್ಲ. ಹಾಕೂದು ಬಿಟ್ಟೆ" ಎಂದಳು.

ಅಲ್ಲೇ ಕುಳಿತು ಅವಳ ಅಂಗಡಿಯ ಹೆಸರು ಹುಡುಕಿದೆ. ಖಾಲಿ ಪುಟ ತೆರೆಯಿತು. ನಮ್ಮ ದಾಖಲೆ ತೆಗೆದು ನೋಡಿದೆ. ಮೂರು ವರ್ಷದ ಹಿಂದೆ ಅವಳ ಅಂಗಡಿಯನ್ನು ಹೊಸ ಯಂತ್ರಕ್ಕೆ ಸಾಗಿಸಿದಾಗ, ದಾರಿಗ ಅವಳ ಹೆಸರನ್ನು ಹಳೆಯದರ ಕಡೆಗೇ ತೋರಿಸುತ್ತ ಉಳಿದಿದ್ದ. ಅವಳು ದೂರು ಹೇಳಿದ್ದಳು. ಒಂದು ದಿನ ಕಾಯಿರಿ, ಸರಿಹೋಗುತ್ತದೆ ಎಂದಿದ್ದ ಓಗೊಡುಗ. ಆಮೇಲೆ ಸರಿಯಾಯಿತೇ ಎಂದು ತಾನು ಕೇಳಿದ್ದಕ್ಕೆ ಅವಳಿಂದ ಉತ್ತರ ಬರಲಿಲ್ಲವೆಂದು, ಬಗೆಹರಿದಿದೆ ಎಂದು ಬರೆದು ದೂರು ಮುಚ್ಚಿಬಿಟ್ಟಿದ್ದ. ಲೆಕ್ಕಿಗ ಮಾತ್ರ ತಪ್ಪದೆ ಬಿಲ್ಲು ಕಳಿಸಿದ್ದ, ಅವಳೂ ತಪ್ಪದೆ ಕಟ್ಟಿದ್ದಳು. ನನಗೆ ನಾಚಿಕೆಯಾಯಿತು.

"ಮತ್ತೊಮ್ಮೆ ಹೇಳಬಾರದಾಗಿತ್ತಾ ಅಜ್ಜಿ?"

"ಒಮ್ಮೆ ಹೇಳಿದ್ನಲ್ಲವ್ವ. ಮತ್ತ ಮತ್ತ ಹೇಳಿದ್ರ ಜಗಳಕ್ಕ ನಿಂತಂಗ ಆಕ್ಕೈತಿ. ನಿಮ್ಮ ಮನ್ಯಾಗ ಏನ್ ತ್ರಾಸ ಐತೋ ಏನೋ ಅಂತ ಸುಮ್ಮನಾದೆ."

ಮೂರು ದಸರೆ ನನ್ನ ಅಣ್ಣ ಆ ಪಡಸಾಲೆಯಲ್ಲಿ ಕುಳಿತು ಕರ್ಜಿಕಾಯಿ ತಿಂದು ಬಂದಿದ್ದಾನೆ. ಅವನು ಕೇಳಲಿಲ್ಲ, ಅವಳು ಹೇಳಲಿಲ್ಲ.

ಮನೆಗೆ ಬಂದು ಓಗೊಡುಗನ ಬುಡದಲ್ಲಿರುವ ನಿಮ್ಮ ಬರಹವನ್ನೇ ಕೆದಕಿದೆ. ಮೂರು ದಿನ ಉತ್ತರ ಬಾರದಿದ್ದರೆ ತೊಂದರೆ ಬಗೆಹರಿದಿದೆ ಎಂದು ತಿಳಿದು ದೂರು ಮುಚ್ಚಬೇಕು ಎಂಬ ಸಾಲು ಅಲ್ಲಿತ್ತು. ಅದರ ಮುಂದೆ ನಿಮ್ಮ ಹೆಸರಿತ್ತು, ನೀವು ಈಗ ಕುಳಿತಿರುವ ಈ ವಾರದ ತಾರೀಖಿತ್ತು. ಯಾಕೆ ಬರೆದಿರಿ ಎಂದು ಊಹಿಸಬಲ್ಲೆ. ಹಳೆಯ ದೂರುಗಳೆಲ್ಲ ಹಾಗೇ ಬಿದ್ದುಕೊಂಡಿದ್ದರೆ ನೋಡಿದಾಗಲೆಲ್ಲ ತಲೆ ಚಿಟ್ಟು ಹಿಡಿಯುತ್ತದೆ. ಆದರೆ ಮುತ್ತಜ್ಜಿ, ನಮ್ಮ ಜನ ನಿಮಗೆ ಗೊತ್ತಿಲ್ಲವೇ? ಕೆಲಸವಾದವರು ಫೋನು ಮಾಡಿ ಹೊಗಳುತ್ತಾರೆ, ಮನಸ್ಸು ನೊಂದವರು ಬಾಯಿ ಬಿಡುವುದಿಲ್ಲ.

ಆ ಸಾಲನ್ನು ನಾನು ತೆಗೆದಿದ್ದೇನೆ. ಈಗ ಯಾರಾದರೂ ಸುಮ್ಮನಾದರೆ ಓಗೊಡುಗ ನಮ್ಮಲ್ಲೊಬ್ಬರನ್ನು ಎಬ್ಬಿಸುತ್ತಾನೆ, ನಾವು ಹೋಗಿ ಕೇಳುತ್ತೇವೆ. ಕೆಲಸ ಹೆಚ್ಚಾಗಿದೆ ಎಂದು ಅಣ್ಣ ಗೊಣಗುತ್ತಾನೆ, ಗೊಣಗಲಿ. ನೀಲಗಂಗವ್ವನ ಹೆಸರಿಗೆ ಮತ್ತೆ ದಾರಿಯಾಗಿದೆ, ಬೀಜ ಕೇಳುವವರೂ ಬರುತ್ತಿದ್ದಾರೆ. ಕೊಡಲು ಅವಳ ಹತ್ತಿರ ಬೀಜವಿಲ್ಲ. ಗಡಿಗೆಯ ತಳದಲ್ಲಿ ಉಳಿದಿದ್ದ ಒಂದು ಹಿಡಿಯನ್ನು ದಸರೆಯ ದಿನವೇ ನನ್ನ ಕೈಗೆ ಹಾಕಿದ್ದಳು, ಹುಳ ಬಿದ್ದದ್ದೇ ಹೆಚ್ಚು. ದಸರೆ ಮುಗಿದ ಮಾರನೆಯ ದಿನವೇ ಹಾಕಿ ನೀರುಣಿಸುತ್ತಿದ್ದೇನೆ. ದೀಪಾವಳಿ ಬಂತು, ಒಂದೂ ಮೊಳೆತಿಲ್ಲ.

ಆದ್ದರಿಂದ ಕೇಳುತ್ತೇನೆ: ಉಳಿದದ್ದನ್ನೆಲ್ಲ ಧೈರ್ಯವಾಗಿ ಬರೆಯಿರಿ, ಆ ಒಂದು ಸಾಲನ್ನು ಮಾತ್ರ ಬರೆಯಬೇಡಿ. ನೀವು ಅದನ್ನು ಬಿಟ್ಟರೆ ತುಮ್ಮಿನಕಟ್ಟಿಯ ಪಡಸಾಲೆಯಲ್ಲಿ ಬೀಜ ಒಣಗುತ್ತಿರುತ್ತದೆ, ಇವತ್ತಿನ ಹಬ್ಬದೂಟಕ್ಕೆ ನಮ್ಮ ಮನೆಯಲ್ಲಿ ಎಣ್ಣೆಗಾಯಿ ಇರುತ್ತದೆ, ನಿಮಗೆ ಹೀಗೊಂದು ಪತ್ರ ಬರೆಯಲು ನನಗೆ ಕಾರಣವೇ ಇರುವುದಿಲ್ಲ. ಹೇಮಗಂಗಾ ಎಂಬವಳೊಬ್ಬಳು ಇದ್ದಾಳೆಂದು ನಿಮಗೆ ಎಂದೂ ತಿಳಿಯುವುದಿಲ್ಲ. ನಾನು ಅದಕ್ಕೆ ಒಪ್ಪಿಯೇ ಬರೆದಿದ್ದೇನೆ.