ಮಗಳ ಮೇಲಿನ ಸಿಟ್ಟು ನನ್ನದು, ನಿಮ್ಮದಲ್ಲ

ಮಹಿಳಾ ಕಬಡ್ಡಿ ಲೀಗಿನಲ್ಲಿ ಆಡುವ ನಮ್ಮ ಭಾಗದ ತಂಡದ ಮುಖ್ಯ ಆಡಳಿತಾಧಿಕಾರಿಗಳಿಗೆ

ಮಾನ್ಯರೇ,

ನನ್ನ ಮಗಳು ತೃಷಾ ತಮ್ಮ ತಂಡದ ರೇಡರ್. 'ಆಗಿದ್ದಳು' ಎನ್ನಬೇಕೋ 'ಆಗಿದ್ದಾಳೆ' ಎನ್ನಬೇಕೋ ತಾವು ಇನ್ನೂ ತಿಳಿಸಿಲ್ಲ. ಅವಳು ಕ್ರೈಸ್ತಳಾದಳೆಂದು ತಾವು ಅವಳನ್ನು ನವಿ ಮುಂಬಯಿಯ ತರಬೇತಿ ಶಿಬಿರದಿಂದ ಮನೆಗೆ ಕಳುಹಿಸಿದ್ದೀರಿ. ಕಾರಣ ಅದಲ್ಲವೆಂದು ತಮ್ಮ ನೋಟಿಸು ಹೇಳುತ್ತದೆ. 'ತಂಡದ ಸೌಹಾರ್ದಕ್ಕೆ ಧಕ್ಕೆ ತರುವ ನಡತೆ' ಎಂದು ಅದರಲ್ಲಿದೆ. ಅಷ್ಟು ದೊಡ್ಡ ಸೌಹಾರ್ದಕ್ಕೆ ಧಕ್ಕೆ ತಂದ ವಸ್ತು ಯಾವುದು ಎಂದು ನೋಡಿದರೆ ಒಂದು ತೆಂಗಿನಕಾಯಿ ಹೋಳು. ಈ ಸಲದ ಅಂತಿಮ ತಂಡವನ್ನು ಮುಂದಿನ ವಾರ ಪ್ರಕಟಿಸುತ್ತೀರಂತೆ. ಅದಕ್ಕೆ ಮೊದಲು ತಮಗೆ ನಾಲ್ಕು ಮಾತು ಹೇಳಬೇಕಾಗಿದೆ.

ಈ ಬಹಿರಂಗ ಪತ್ರವನ್ನು ಕನ್ನಡದಲ್ಲಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ಮೊದಲು ಮರಾಠಿಯಲ್ಲಿ ಬರೆಸಿ ಕಳುಹಿಸಿದೆ, ಉತ್ತರ ಬರಲಿಲ್ಲ. ಇಂಗ್ಲಿಷಿನಲ್ಲಿ ಬರೆಸಿ ಕಳುಹಿಸಿದೆ, ಅದಕ್ಕೂ ಬರಲಿಲ್ಲ. ಹೇಗೂ ತಾವು ಓದುವುದಿಲ್ಲ ಎಂದ ಮೇಲೆ ನನಗೆ ಬರುವ ಭಾಷೆಯಲ್ಲೇ ಬರೆದರೆ ಏನು ನಷ್ಟ? ಕಡೇಪಕ್ಷ ಡೊಂಬಿವಲಿಯಿಂದ ಕಲ್ಯಾಣದವರೆಗಿನ ನಮ್ಮ ಕನ್ನಡದವರಾದರೂ ಓದುತ್ತಾರೆ. ಅವರಲ್ಲಿ ಕೆಲವರು ಈ ವಿಷಯವಾಗಿ ನನ್ನ ಹೋಟೆಲಿನಲ್ಲಿ ಚಹಾ ಕುಡಿಯುವುದನ್ನು ಬಿಟ್ಟಿದ್ದಾರೆ. ಅವರಿಗೂ ಒಂದು ವಿವರಣೆ ಸಲ್ಲಬೇಕು.

ಮೊದಲೇ ಒಂದು ವಿಷಯ ಸ್ಪಷ್ಟಪಡಿಸುತ್ತೇನೆ. ಮಗಳು ಮಾಡಿದ್ದನ್ನು ಸಮರ್ಥಿಸಲು ನಾನು ಕೂತಿಲ್ಲ. ನಮ್ಮದು ಕರಾವಳಿಯಲ್ಲಿ ದೈವದ ಗುಡಿಯಾದ ಗರಡಿಗೆ ನಡೆದುಕೊಂಡು ಬಂದ ಮನೆ. ಊರಿನಲ್ಲಿ ದೈವಕ್ಕೆ ನೇಮೋತ್ಸವ ಎಂದರೆ ಹೋಟೆಲಿಗೆ ಬೀಗ ಹಾಕಿ ರೈಲು ಹತ್ತುವವನು ನಾನು. ಅವಳು ಬಂದು ವಿಷಯ ಹೇಳಿದ ದಿನ ನಾನು ಕೂಗಾಡಿದ್ದು ಕೆಳಗಿನ ಮೆಡಿಕಲ್ ಶಾಪಿನವರೆಗೂ ಕೇಳಿಸಿತ್ತಂತೆ. "ನಮ್ಮಲ್ಲಿ ಇರುವ ದೇವರು, ದೈವ ಸಾಕಾಗ್ಲಿಲ್ವಾ ನಿನಗೆ? ಪ್ರಾರ್ಥನೆಗೆ ಅಂತ ಅಂಬರನಾಥದ ಶಿವನ ದೇವಸ್ಥಾನದ ದಾರಿಯಲ್ಲೇ ಆಟೋದಲ್ಲಿ ಕೂತು ಹೋಗಿದ್ದೀಯಲ್ಲ, ಒಂದು ಸಲವಾದ್ರೂ ಇಳಿಬೇಕು ಅನ್ನಿಸ್ಲಿಲ್ವಾ?" ಎಂದು ಕೇಳಿದೆ. ಇಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ನಾವು ಕನ್ನಡದಲ್ಲಿ ಕೇಳಿದರೆ ಉತ್ತರ ಹಿಂದಿಯಲ್ಲಿ ಬರುತ್ತದೆ. "ಪಪ್ಪಾ, ಕಿಸೀನೆ ಫೋರ್ಸ್ ನಹೀ ಕಿಯಾ. ಮುಝೆ ವಹಾಂ ಶಾಂತಿ ಮಿಲೀ," ಎಂದಳು. ಯಾರೂ ಒತ್ತಾಯ ಮಾಡಲಿಲ್ಲ, ನನಗೆ ಅಲ್ಲಿ ಶಾಂತಿ ಸಿಕ್ಕಿತು ಎಂದು. ಅವತ್ತಿನಿಂದ ನಾನು ಅವಳ ಜೊತೆ ಮಾತು ಬಿಟ್ಟೆ. ಹೇಳಬೇಕಾದದ್ದನ್ನು ನನ್ನ ಹೆಂಡತಿ ನಳಿನಾಕ್ಷಿಗೆ ಹೇಳುತ್ತಿದ್ದೆ, ಅವಳು ಮಗಳಿಗೆ ಹೇಳುತ್ತಿದ್ದಳು. ಮೂವರೂ ಒಂದೇ ಕೋಣೆಯಲ್ಲಿ ಇರುತ್ತಿದ್ದೆವು. ನಳಿನಾಕ್ಷಿಯ ನಿಲುವು ಬೇರೆ. "ಅವಳು ಎಂತ ಬೇಕಾದ್ರೂ ಆಗ್ಲಿ ಮಾರಾಯ್ರೆ, ಹೊಟ್ಟೆ ತುಂಬಾ ಉಣ್ತಾಳಲ್ಲ," ಎನ್ನುತ್ತಾಳೆ. ಹೆಂಗಸರಿಗೆ ಸಿದ್ಧಾಂತ ಕಡಿಮೆ ಎಂದು ನಾನು ತಿಳಿದಿದ್ದೆ. ಈಗೀಗ ಆ ಅಭಿಪ್ರಾಯ ಸಡಿಲವಾಗುತ್ತಿದೆ.

ಇದೆಲ್ಲ ಹೇಗೆ ಶುರುವಾಯಿತೆಂದು ತಾವು ನೋಟಿಸಿನಲ್ಲಿ ಕೇಳಿದ್ದೀರಿ, ಹೇಳುತ್ತೇನೆ. ಹಿಂದಿನ ಸಲದ ಪಂದ್ಯದಲ್ಲಿ ತಮ್ಮ ತಂಡಕ್ಕಾಗಿ ರೇಡ್ ಹೋದಾಗ ಅವಳ ಮೊಣಕಾಲಿನ ಲಿಗಮೆಂಟ್ ಹರಿಯಿತು. ಕಾಲಿಗೆ ಪಟ್ಟಿ ಕಟ್ಟಿಕೊಂಡು ತಿಂಗಳುಗಟ್ಟಲೆ ಮನೆಯಲ್ಲಿ ಮಲಗಿದಳು. ತಮ್ಮ ಕಚೇರಿಯಿಂದ ಒಂದು ಹೂಗುಚ್ಛ ಬಂತು, ಅದರಲ್ಲಿ ಅವಳ ಹೆಸರಿಗಿಂತ ಪ್ರಾಯೋಜಕರ ಹೆಸರು ದೊಡ್ಡದಾಗಿತ್ತು. ಆಮೇಲೆ ಬಂದವಳು ಅಂಬರನಾಥದ ಒಬ್ಬ ಸಹ ಆಟಗಾರ್ತಿ ಮಾತ್ರ. ಅವಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಬರೆದರೆ ತಮ್ಮ ಮುಂದಿನ ನೋಟಿಸು ಅವಳಿಗೆ ಹೋಗುತ್ತದೆ. ಆ ಹುಡುಗಿ ಬಂದು ಇವಳ ಕಾಲನ್ನು ನೀವಿ, ವ್ಯಾಯಾಮ ಮಾಡಿಸಿ, ಮನೆಯಲ್ಲಿ ಕೂತು ಕೂತು ಬೇಸರವೆಂದಾಗ ಭಾನುವಾರ ತನ್ನ ಜೊತೆ ಪ್ರಾರ್ಥನೆಗೆ ಕರೆದುಕೊಂಡು ಹೋದಳು. ಮಗಳ ಮನಸ್ಸು ಅಲ್ಲಿ ನಿಂತಿತು. ಇದರಲ್ಲಿ ಒಳಸಂಚು ಹುಡುಕುವವರು ಆ ಹೂಗುಚ್ಛದಿಂದ ಹುಡುಕಲು ಆರಂಭಿಸಬೇಕು.

ಈಗ ಕಾಯಿ ಹೋಳಿನ ವಿಚಾರಕ್ಕೆ ಬರುತ್ತೇನೆ. ಕಾಲು ಸರಿಯಾಗಿ ಅವಳು ಮತ್ತೆ ಶಿಬಿರ ಸೇರಿದಳು. ಭಿವಂಡಿಯಲ್ಲಿ ಒಂದು ಪ್ರದರ್ಶನ ಪಂದ್ಯ ನಡೆಯಿತು. ಪದ್ಧತಿಯಂತೆ ಮ್ಯಾಟಿನ ಅಂಚಿನಲ್ಲಿ ಕಾಯಿ ಒಡೆದರು, ಎಲ್ಲರಿಗೂ ಹೋಳು ಹಂಚಿದರು. ಇವಳು ಕೈಮುಗಿದು ನಿಂತಳು, ಬಲಗೈಯಲ್ಲಿ ಹೋಳು ತೆಗೆದುಕೊಂಡಳು, ಬಾಯಿಗೆ ಹಾಕದೆ ಟವೆಲಿನ ತುದಿಗೆ ಗಂಟು ಕಟ್ಟಿ ಇಟ್ಟಳು. ಯಾರೋ ಅದನ್ನು ಫೋನಿನಲ್ಲಿ ಹಿಡಿದು, 'ಪ್ರಸಾದ ತಿರಸ್ಕರಿಸಿದ ಆಟಗಾರ್ತಿ' ಎಂದು ಊರೆಲ್ಲ ಹಂಚಿದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ, ಹಾಗೆ ತಾವೂ ಕಟ್ಟಿದಿರಿ.

ಮಾನ್ಯರೇ, ತಾವು ಕಬಡ್ಡಿ ತಂಡವನ್ನು ನಡೆಸುತ್ತೀರಿ. ಆದ್ದರಿಂದ ಇದನ್ನು ತಮಗೆ ಹೇಳಲು ನನಗೆ ಸಂಕೋಚವಾಗುತ್ತದೆ. ರೇಡರ್ ಆದವರು ಪಂದ್ಯಕ್ಕೆ ಮುಂಚೆ ಕಾಯಿ ಅಗಿಯುವುದಿಲ್ಲ. ಅದರ ತರಿ ಗಂಟಲಲ್ಲಿ ಕೂತರೆ, ಎದುರಾಳಿಗಳ ನಡುವೆ ಕಬಡ್ಡಿ ಕಬಡ್ಡಿ ಎನ್ನುವಾಗ ಕೆಮ್ಮು ಬರುತ್ತದೆ. ಕೆಮ್ಮಿದರೆ ಉಸಿರು ತುಂಡಾಯಿತು, ಅಂಪೈರ್ ಶಿಳ್ಳೆ ಹೊಡೆಯುತ್ತಾನೆ, ಔಟ್. ನಾನು ಠಾಣೆಯ ವಾಗ್ಳೆ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಕಾರ್ಖಾನೆಯ ತಂಡಕ್ಕೆ ಆಡಿದವನು. ಆ ಕಾರ್ಖಾನೆ ಮುಚ್ಚಿದ ಮೇಲೆ ಹೋಟೆಲಿಗೆ ಬಂದೆ. ನಮ್ಮ ರೇಡರ್‌ಗಳೆಲ್ಲ ಹೋಳನ್ನು ಟವೆಲಿಗೆ ಕಟ್ಟಿ ಇಡುತ್ತಿದ್ದರು, ಆಟ ಮುಗಿದ ಮೇಲೆ ತಿನ್ನುತ್ತಿದ್ದರು. ತೃಷಾಳಿಗೆ ಅದನ್ನು ಕಲಿಸಿದವನು ನಾನು. ಶಾಲೆಯ ತಂಡದಲ್ಲಿ ಇದ್ದಾಗಿನಿಂದ ಅವಳು ಹಾಗೇ ಮಾಡುತ್ತ ಬಂದಿದ್ದಾಳೆ. ಒಗೆಯಲು ಹಾಕಿದ ಟವೆಲಿನಲ್ಲಿ ಮರೆತ ಹೋಳು ಸಿಕ್ಕಿ ನಳಿನಾಕ್ಷಿ ಎಷ್ಟು ಸಲ ಬೈದಿಲ್ಲ! ಆಗೆಲ್ಲ ಅವಳು ಹಿಂದುವೇ ಆಗಿದ್ದಳು, ಯಾರ ಸೌಹಾರ್ದಕ್ಕೂ ಧಕ್ಕೆ ಬಂದಿರಲಿಲ್ಲ. ಬದಲಾದದ್ದು ಏನೆಂದು ತಾವು ಕೇಳುವುದಾದರೆ ಪ್ರಾಮಾಣಿಕವಾಗಿ ಹೇಳುತ್ತೇನೆ. ಮೊದಲು ಅವಳು ಆ ಹೋಳನ್ನು ರೈಲಿನಲ್ಲಿ ತಾನೇ ತಿನ್ನುತ್ತಿದ್ದಳು, ಈಗ ಮನೆಗೆ ತಂದು ಅಮ್ಮನಿಗೆ ಕೊಡುತ್ತಾಳೆ. ಒಟ್ಟು ವ್ಯತ್ಯಾಸ ಇಷ್ಟೇ. ಇಷ್ಟು ವ್ಯತ್ಯಾಸವನ್ನು ತಾಳಿಕೊಳ್ಳಲಾರದ ಸೌಹಾರ್ದ ಮೊದಲೇ ಎಷ್ಟು ಗಟ್ಟಿಯಾಗಿತ್ತು?

'ಧರ್ಮವನ್ನು ಆಟದಿಂದ ಹೊರಗಿಡಬೇಕು' ಎಂದೂ ತಾವು ಬರೆದಿದ್ದೀರಿ. ಸಂಪೂರ್ಣ ಒಪ್ಪಿಗೆ. ಎರಡು ವರ್ಷದ ಹಿಂದೆ ಠಾಣೆಯ ಹೆದ್ದಾರಿಯ ಪಕ್ಕ ತಾವು ನಿಲ್ಲಿಸಿದ ಹೋರ್ಡಿಂಗ್ ನೆನಪಿದೆಯೇ? ಹಣೆಯ ತುಂಬ ಕುಂಕುಮ, ಕಣ್ಣು ಮುಚ್ಚಿ ಕೈಮುಗಿದ ನನ್ನ ಮಗಳು, ಕೆಳಗೆ 'ದೇವಿಯ ಶಕ್ತಿ, ನಮ್ಮ ತೃಷಾ' ಎಂದು ದಪ್ಪ ಅಕ್ಷರ. ಅವಳು ಹಾಗೆ ಕುಂಕುಮ ಬಳಿದುಕೊಂಡು ಆಡಿದವಳಲ್ಲ, ತಮ್ಮ ಫೋಟೋದವರು ಬಳಿದದ್ದು. ಆಗ ಧರ್ಮ ಆಟದ ಒಳಗಿತ್ತೇ, ಹೊರಗಿತ್ತೇ? ಹೋರ್ಡಿಂಗ್ ಅಷ್ಟು ಎತ್ತರದಲ್ಲಿ ಇದ್ದುದರಿಂದ ತಮ್ಮ ಕಣ್ಣಿಗೆ ಬೀಳದೆ ಹೋಗಿರಬಹುದು.

ನಮ್ಮ ಕಾಲದಲ್ಲಿ ಎಲ್ಲ ಚೆನ್ನಾಗಿತ್ತೆಂದು ಹೇಳುವವನು ನಾನಲ್ಲ. ಆದರೆ ನಮ್ಮ ಕಾರ್ಖಾನೆಯ ತಂಡದಲ್ಲಿ ಜೈಭೀಮ ಎಂಬ ಬೌದ್ಧ ಹುಡುಗನಿದ್ದ. ಕಾಯಿ ಒಡೆಯುವ ಹೊತ್ತಿಗೆ ಅವನು ಪಕ್ಕಕ್ಕೆ ಹೋಗಿ ಬೂಟಿನ ದಾರ ಕಟ್ಟಿಕೊಳ್ಳುವವನ ಹಾಗೆ ಬಗ್ಗುತ್ತಿದ್ದ. ನಾವು ಮಣ್ಣಿನಲ್ಲಿ ಬರಿಗಾಲಲ್ಲಿ ಆಡುತ್ತಿದ್ದೆವು, ಬೂಟೇ ಇರಲಿಲ್ಲ. ಎಲ್ಲರಿಗೂ ಗೊತ್ತಿತ್ತು, ಯಾರೂ ಕೇಳಲಿಲ್ಲ. ಯಾಕೆಂದರೆ ಜೈಭೀಮ ಎದುರಾಳಿಯ ಕಾಲು ಹಿಡಿದರೆ ಬಿಡುತ್ತಿರಲಿಲ್ಲ. ನಮ್ಮ ಮ್ಯಾನೇಜರ್ ಅಷ್ಟೇನೂ ಓದಿದವರಲ್ಲ, ಅವರಿಗೆ ಪಾಯಿಂಟ್ ಮಾತ್ರ ಎಣಿಸಲು ಬರುತ್ತಿತ್ತು.

ಇನ್ನು ತಮ್ಮ ನೋಟಿಸಿನ ಮುಖ್ಯ ಪ್ರಶ್ನೆ: 'ಮತಾಂತರಕ್ಕಾಗಿ ಯಾವುದೇ ಆಮಿಷ ಒಡ್ಡಲಾಗಿತ್ತೇ? ಪಡೆದದ್ದನ್ನು ತಿಳಿಸಿ.' ನನ್ನ ಮಗಳು ಸುಳ್ಳು ಹೇಳಲು ಕಲಿತಿಲ್ಲ. 'ಪ್ರಾರ್ಥನೆ ಮುಗಿದ ಮೇಲೆ ಎಲ್ಲರಿಗೂ ಚಹಾ ಕೊಡುತ್ತಾರೆ' ಎಂದು ಬರೆದುಕೊಟ್ಟಳು. ಆ ವಾಕ್ಯದ ಕೆಳಗೆ ತಮ್ಮ ಕಚೇರಿಯವರು ಕೆಂಪು ಗೆರೆ ಎಳೆದರಂತೆ! ಹೋಟೆಲಿನವನ ಮಗಳು, ಹುಟ್ಟಿದಾಗಿನಿಂದ ಚಹಾದ ಹಬೆಯಲ್ಲಿ ಬೆಳೆದವಳು, ಒಂದು ಕಪ್ ಚಹಾಕ್ಕೆ ಮತ ಬದಲಿಸಿದಳು ಎಂದು ಬರೆದುಕೊಳ್ಳುವಾಗ ಅವರಿಗೆ ನಗು ಬರಲಿಲ್ಲವೇ? ಅಲ್ಲಿಯ ಚಹಾ ಚೆನ್ನಾಗಿಲ್ಲ ಎಂದೂ ಅವಳು ಅಮ್ಮನ ಹತ್ತಿರ ಹೇಳಿದ್ದಾಳೆ, ತಮ್ಮ ದಾಖಲೆಗೆ ಇರಲಿ.

ಆದರೂ ಆಮಿಷ ಎಂಬುದು ಇತ್ತು. ಅದು ಬಂದದ್ದು ಅಂಬರನಾಥದಿಂದ ಅಲ್ಲ, ತಮ್ಮ ಕಚೇರಿಯಿಂದ.

ಕಳೆದ ವಾರ ತಮ್ಮ ಸಂಪರ್ಕಾಧಿಕಾರಿ ನನ್ನ ಹೋಟೆಲಿಗೆ ಬಂದರು. ನಮ್ಮ ಊರಿನವರೇ ಆದ ಮೋಹನದಾಸರನ್ನು ಜೊತೆಗೆ ಕರೆತಂದಿದ್ದರು. ಮೋಹನದಾಸರು ಇಲ್ಲಿ ಕೇಟರಿಂಗ್ ನಡೆಸುತ್ತಾರೆ, ತಮ್ಮ ಶಿಬಿರಕ್ಕೆ ಊಟ ಅವರದೇ. ಅಧಿಕಾರಿ ಬನ್ಸ್ ತಿಂದರು, ಚೆನ್ನಾಗಿದೆ ಎಂದರು. ಮಾತಾಡಿದ್ದು ಮೋಹನದಾಸರು. "ಚೆನ್ನಯಣ್ಣ, ನೀವೊಂದು ದೂರು ಕೊಡಿ. ಹುಷಾರಿಲ್ಲದಾಗ ನನ್ನ ಮಗಳ ತಲೆ ಕೆಡಿಸಿದ್ದು ಆ ಅಂಬರನಾಥದ ಹುಡುಗಿ ಅಂತ. ಬರೆದು ತಂದಿದ್ದೇವೆ, ನಿಮ್ಮದೊಂದು ಸೈನ್ ಅಷ್ಟೇ. ಆಮೇಲೆ ಒಂದು ಸಣ್ಣ ಪೂಜೆ, ಕ್ಯಾಮೆರಾದವರು ಬರ್ತಾರೆ. ಮರುದಿನ ಹುಡುಗಿ ಶಿಬಿರದಲ್ಲಿ. ಅವಳು ವಾಪಸು ಬಂದ ಹಾಗೂ ಆಯ್ತು, ಟೀಮಿಗೆ ಸೇರಿದ ಹಾಗೂ ಆಯ್ತು. ನಿಮಗೆಂತ ನಷ್ಟ ಮಾರಾಯ್ರೆ?"

ಮತ ಬಿಡು, ಜೆರ್ಸಿ ಕೊಡುತ್ತೇವೆ. ಇದಕ್ಕೆ ತಮ್ಮ ನೋಟಿಸಿನ ಭಾಷೆಯಲ್ಲಿ ಏನೆನ್ನುತ್ತಾರೆ, ಮಾನ್ಯರೇ? ತಮ್ಮ ಎಲೆಯಲ್ಲಿ ಹೆಗ್ಗಣ ಬಿದ್ದಿರುವಾಗ ಬೇರೆಯವರ ಎಲೆಯ ನೊಣ ಎಣಿಸಲು ತಾವು ಕೆಂಪು ಪೆನ್ನು ಹಿಡಿದಿದ್ದೀರಿ.

ನನಗೆ ಆಸೆಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಸಂಜೆ ನನ್ನ ಮಗಳು ದೇವರ ಮುಂದೆ ದೀಪ ಹಚ್ಚಬೇಕು ಎನ್ನುವುದು ನನ್ನ ಆಸೆ. ಅವಳು ಮ್ಯಾಟಿನ ಮೇಲೆ ಇರಬೇಕು ಎನ್ನುವುದೂ ನನ್ನ ಆಸೆ. ಎರಡನ್ನೂ ಒಂದೇ ತಟ್ಟೆಯಲ್ಲಿ ಇಟ್ಟು ಮುಂದೆ ತಂದರೆ ಯಾವ ತಂದೆ ಬೇಡವೆನ್ನುತ್ತಾನೆ? ಪೆನ್ನು ಕೈಯಲ್ಲಿತ್ತು. ಆದರೆ ಆ ಹುಡುಗಿ ನಮ್ಮ ಮನೆಯ ನೆಲದ ಮೇಲೆ ಕೂತು ನನ್ನ ಮಗಳ ಕಾಲು ನೀವಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವಳೇ ತಲೆ ಕೆಡಿಸಿದವಳು ಎಂದು ಬರೆದುಕೊಟ್ಟು, ಆಮೇಲೆ ಯಾವ ಮುಖ ಇಟ್ಟುಕೊಂಡು ನಾನು ಗರಡಿಯ ಮುಂದೆ ನಿಲ್ಲಲಿ? ಮತ್ತೆ, ಕ್ಯಾಮೆರಾದ ಮುಂದೆ ಹಚ್ಚಿದ ದೀಪ ಯಾವ ದೇವರಿಗೆ ಬೇಕು? ನಮ್ಮ ದೈವಗಳು ಬಲು ಸಿಟ್ಟಿನವು, ಅವಕ್ಕೂ ಮರ್ಯಾದೆ ಉಂಟು. "ಮೋಹನದಾಸರೇ, ಬನ್ಸ್ ಇನ್ನೊಂದು ಬೇಕಾದ್ರೆ ಹೇಳಿ. ಸೈನ್ ಇಲ್ಲ," ಎಂದೆ.

ಅವರು ಹೋದ ಮೇಲೆ ನೋಡುತ್ತೇನೆ, ತೃಷಾ ಒಳಗೆ ರುಬ್ಬುವ ಯಂತ್ರದ ಪಕ್ಕ ನಿಂತಿದ್ದಾಳೆ. ಎಲ್ಲ ಕೇಳಿಸಿಕೊಂಡಿದ್ದಳು. ತಾಯಿಯ ಮೂಲಕವಲ್ಲ, ನೇರವಾಗಿ ನನ್ನನ್ನೇ ಕೇಳಿದಳು: "ಪಪ್ಪಾ, ಸೈನ್ ಕರ್ತೆ ತೋ ಮೈ ಖೇಲ್ತೀ ನಾ. ಕ್ಯೂಂ ನಹೀ ಕಿಯಾ?" ಸಹಿ ಹಾಕಿದ್ದರೆ ನಾನು ಆಡುತ್ತಿದ್ದೆನಲ್ಲ, ಯಾಕೆ ಹಾಕಲಿಲ್ಲ ಎಂದು. "ನಿನ್ನ ಮೇಲೆ ನನಗೆ ಸಿಟ್ಟು ಉಂಟು. ಅದನ್ನು ನಾನು ಯಾರಿಗೂ ಮಾರುದಿಲ್ಲ," ಎಂದೆ. ಅವಳು ಅತ್ತಳು. ನನಗೂ ತಡೆಯಲಾಗಲಿಲ್ಲ. ನಳಿನಾಕ್ಷಿ ಮಾತ್ರ, "ಈಗ ನನ್ನ ಕೆಲಸ ಕಡಿಮೆ ಆಯ್ತು," ಎಂದು ಚಟ್ನಿಗೆ ಕಾಯಿ ತುರಿಯುತ್ತಾ ಕೂತಳು.

ಅವಳು ಈಗ ಬೆಳಿಗ್ಗೆ ಪಾಲಿಕೆಯ ಮೈದಾನದಲ್ಲಿ ಒಬ್ಬಳೇ ಓಡುತ್ತಾಳೆ. ಒಬ್ಬಳೇ ಓಡಬಹುದು, ಆದರೆ ಒಬ್ಬಳೇ ಕಬಡ್ಡಿ ಆಡಲಾಗುವುದಿಲ್ಲ. ಹಿಡಿಯಲು ಎದುರಿಗೆ ಜನ ಬೇಕು. ಈ ಸಲ ಹೊರಗುಳಿದರೆ, ಆ ಮೊಣಕಾಲಿನಲ್ಲಿ, ಆ ವಯಸ್ಸಿನಲ್ಲಿ ಮತ್ತೊಂದು ಅವಕಾಶ ಬರುವುದಿಲ್ಲ. ತಮಗೂ ಗೊತ್ತು, ಅವಳಿಗೂ ಗೊತ್ತು.

ಆದ್ದರಿಂದ ನನ್ನ ಬೇಡಿಕೆ ಒಂದೇ. ತಂಡ ಪ್ರಕಟಿಸುವ ಮೊದಲು ಅವಳನ್ನು ಮ್ಯಾಟಿಗೆ ಕರೆಯಿರಿ. ತಮ್ಮ ಅತ್ಯುತ್ತಮ ಏಳು ಮಂದಿಯನ್ನು ಎದುರಿಗೆ ನಿಲ್ಲಿಸಿ. ಅವರು ಹಿಡಿದು ಕೆಡವಿದರೆ, ಕಾಲು ಮೊದಲಿನ ಹಾಗಿಲ್ಲ, ರೇಡ್ ನಿಧಾನ, ಉಸಿರು ಸಾಲದು ಎಂದು ಬರೆದು ಕಳುಹಿಸಿ. ನಾನೇ ಬಂದು ಚೀಲ ಹೊತ್ತು ಕರೆದುಕೊಂಡು ಹೋಗುತ್ತೇನೆ, ಒಂದು ಮಾತು ಆಡುವುದಿಲ್ಲ. ಅವಳು ಮುಟ್ಟಿ ಹಿಂದಿರುಗಿದರೆ ಜೆರ್ಸಿ ಕೊಡಿ, ಮತ್ತೇನೂ ಕೇಳಬೇಡಿ. ಅವಳು ಯಾರಿಗೆ ಕೈಮುಗಿಯಬೇಕು ಎಂಬ ಜಗಳವನ್ನು ನಾನು ಅವಳೊಡನೆ ಮಾಡುತ್ತೇನೆ. ದಿನಾ ಮಾಡುತ್ತೇನೆ, ಸಾಯುವವರೆಗೂ ಮಾಡುತ್ತೇನೆ, ಬಹುಶಃ ಸೋಲುತ್ತೇನೆ. ನನ್ನ ಮಗಳ ಎದುರು ಸೋಲುವ ಹಕ್ಕು ನನಗೆ ಮಾತ್ರ ಇರಲಿ.

ಇಂತಿ,
ಸಹಿ ಹಾಕಬಾರದ ಕಡೆ ಹಾಕದೆ, ಹಾಕಬೇಕಾದ ಇಲ್ಲಿ ಹಾಕುತ್ತಿರುವ,
ಮಗಳ ಮೇಲೆ ಇನ್ನೂ ಸಿಟ್ಟಿರುವ ತಂದೆ
ಚೆನ್ನಯ
ಡೊಂಬಿವಲಿ ಪೂರ್ವ