ಹುಚ್ಚೀರಪ್ಪ ಎಂಬುದು ಹೆಸರು, ಕಾಯಿಲೆಯಲ್ಲ

ವಿಶೇಷ ಅಗತ್ಯವುಳ್ಳ ಮಕ್ಕಳ ಶಿಕ್ಷಣದ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳೇ,

ನಿಮ್ಮ ದಾಖಲೆಯಲ್ಲಿ ಬುದ್ಧಿಮಾಂದ್ಯನೆಂದು ನಮೂದಾಗಿರುವ ಹನ್ನೊಂದು ವರ್ಷದ ಹುಡುಗ ಬುದ್ಧಿಮಾಂದ್ಯನಲ್ಲ. ಅವನಿಗೆ ಕಿವಿ ಕೇಳುವುದಿಲ್ಲ. ಇದನ್ನು ತಿದ್ದಿಸಲು ಈ ತಾಲ್ಲೂಕಿನ ಸಂಪನ್ಮೂಲ ಶಿಕ್ಷಕಿಯಾದ ನಾನು ಐದು ಅರ್ಜಿ ಬರೆದು ಸೋತೆ. ಆರನೆಯದನ್ನು ಊರೆಲ್ಲ ಓದಲೆಂದು ಪತ್ರಿಕೆಗೆ ಕೊಟ್ಟಿದ್ದೇನೆ.

ಹುಡುಗನ ಹೆಸರು ಹುಚ್ಚೀರಪ್ಪ, ಇರಕಲ್ಲಗಡದ ಕಡೆಯವನು. ಮೊದಲೆರಡು ಕೂಸುಗಳು ಉಳಿಯದಾಗ ತಾಯಿ ಪಕ್ಕೀರವ್ವ ಹುಚ್ಚೀರಜ್ಜನಿಗೆ ಹರಕೆ ಹೊತ್ತು ಪಡೆದ ಮಗ. ನಮ್ಮಲ್ಲಿ ಇದು ದೇವರ ಹೆಸರು. ಮುದ್ದಿಗೆ ಹುಚ್ಯಾ ಅನ್ನುತ್ತಾರೆ. ನಾಲ್ಕು ವರ್ಷದ ಹಿಂದೆ ತಪಾಸಣಾ ಶಿಬಿರದಲ್ಲಿ, ಎಂಬತ್ತು ಮಕ್ಕಳ ಸಾಲಿನ ನಡುವೆ ತಾಯಿ, "ಏ ಹುಚ್ಯಾ, ಬಾರೋ ಇಲ್ಲಿ" ಎಂದು ಕೂಗಿದಳು. ಹುಡುಗ ತಿರುಗಲಿಲ್ಲ. ದೂರದ ಜಿಲ್ಲೆಯಿಂದ ಬಂದಿದ್ದ ತಜ್ಞರು, "ಹುಚ್ಚನಾ ಇವನು?" ಎಂದು ಕೇಳಿದರು. ಹೆಸರು ಕೇಳುತ್ತಿದ್ದಾರೆ ಅಂದುಕೊಂಡ ಪಕ್ಕೀರವ್ವ ಸೆರಗು ಸರಿಮಾಡಿಕೊಂಡು, "ಹೌದ್ರೀ ಸಾಹೇಬ್ರ, ಹುಚ್ಚೀರಪ್ಪ" ಅಂದಳು. ತಪಾಸಣೆ ಮುಗಿಯಿತು. ಅರ್ಧ ನಿಮಿಷದಲ್ಲಿ ಬುದ್ಧಿ ಅಳೆಯುವ ಆ ವಿದ್ಯೆಯನ್ನು ನನ್ನ ತರಬೇತಿಯಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ.

ಆಮೇಲೆ ನಿಮ್ಮ ಇಲಾಖೆ ಅವನನ್ನು ಮರೆಯಲಿಲ್ಲ, ಪಾಪ. ಕೋಲಿಗೆ ಪೋಣಿಸುವ ಬಣ್ಣದ ಬಳೆಗಳ ಆಟಿಕೆ ಕಳಿಸಿತು. ಅದನ್ನು ಪೋಣಿಸುತ್ತ ಮೂಲೆಯಲ್ಲಿ ಕೂತ ಹುಡುಗ ಪಕ್ಕದವರ ಪಾಟಿ ನೋಡಿಯೇ ಭಾಗಾಕಾರ ಕಲಿತ. ಮಾತು ಮಾತ್ರ ಕಲಿಯಲಿಲ್ಲ. ಕೇಳಿಸದ ಮಾತನ್ನು ಯಾವ ಮಗು ಕಲಿತೀತು? ಕಳೆದ ವರ್ಷ ಅವನ ಬೆನ್ನ ಹಿಂದೆ ಬಿಸಿಯೂಟದ ತಟ್ಟೆಗಳು ಬಿದ್ದು ಎಲ್ಲರೂ ಬೆಚ್ಚಿದರು, ಅವನೊಬ್ಬ ಅನ್ನ ಕಲಸುತ್ತಲೇ ಇದ್ದ. ದವಾಖಾನೆಯಲ್ಲಿ ತೋರಿಸಿ, ಕಿವಿ ಕೇಳುವುದಿಲ್ಲವೆಂಬ ಚೀಟಿ ತಂದೆ. ಶ್ರವಣಯಂತ್ರ ಕೇಳಿದರೆ ನಿಮ್ಮ ಕಚೇರಿ, ಕಿವಿ ಕೇಳದವರ ಕಾಲಂನಲ್ಲಿ ಇವನ ಹೆಸರಿಲ್ಲ, ಮುಂದಿನ ಶಿಬಿರದಲ್ಲಿ ನೋಡೋಣ ಅನ್ನುತ್ತದೆ. ಮುಂದಿನ ಶಿಬಿರ ಯಾವಾಗ? ಅದು ನಿಮಗೂ ಗೊತ್ತಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವುದು ಇದಕ್ಕೇ ಇರಬೇಕು.

ಮೊನ್ನೆ ಪಕ್ಕೀರವ್ವ ನನ್ನ ಕೈ ಹಿಡಿದು ಕೇಳಿದಳು: "ಅಕ್ಕೋರ, ಹೆಸರು ಬದಲ್ ಮಾಡಿದ್ರ ಮಷೀನ್ ಕೊಡ್ತಾರೇನ್ರೀ? ಅಜ್ಜಗ ತಪ್ಪುಗಾಣಿಕಿ ಇಟ್ಟು ಕೈ ಮುಗೀತೀನಿ." ನನಗೆ ಅಳು ತಡೆಯಲಾಗಲಿಲ್ಲ. ತಪ್ಪುಗಾಣಿಕೆ ಇಡಬೇಕಾದವಳು ಅವಳೇ?

ಹೆಸರು ಹಾಗೇ ಇರಲಿ, ಮಾನ್ಯರೇ. ಕಾಲಂ ಬದಲಿಸಿ, ಈ ತಿಂಗಳೇ. ಶಿಬಿರದಲ್ಲಿ ನಮ್ಮ ಮಾತು ಬಲ್ಲವರನ್ನು ಕೂರಿಸಿ. ಅಂದು ಆ ತಜ್ಞರ ಮೇಜಿನ ಬದಿಯಲ್ಲೇ ಕೂತು, ಆ ಹೆಸರು ಏನೆಂದು ಗೊತ್ತಿದ್ದೂ, ಸಾಲು ಉದ್ದವಿದೆಯೆಂದು ತೆಪ್ಪಗೆ ಬುದ್ಧಿಮಾಂದ್ಯನೆಂದು ಬರೆದುಕೊಂಡವಳು ನಾನೇ. ವಿಚಾರಣೆ ಮಾಡುವುದಿದ್ದರೆ ನನ್ನಿಂದ ಶುರುಮಾಡಿ. ಆದರೆ ಯಂತ್ರ ಮೊದಲು ಬರಲಿ.

ಇಂತಿ,
ಎರಡು ಕಿವಿಯಿದ್ದೂ ಅಂದು ಕೇಳಿಸಿಕೊಳ್ಳದ
ಮಹೇಶ್ವರಿ
ಸಂಪನ್ಮೂಲ ಶಿಕ್ಷಕಿ, ಕೊಪ್ಪಳ ತಾಲ್ಲೂಕು