ಗಾಡಿ ಮಿರಜಿನಲ್ಲಿ ತಡ ಮಾಡುತ್ತಿಲ್ಲವೆಂಬ ದೂರು

ರೈಲ್ವೆ ವೇಳಾಪಟ್ಟಿಯನ್ನು ಸಿದ್ಧಪಡಿಸುವ ಮಾನ್ಯ ಅಧಿಕಾರಿಗಳೇ,

ಪುಣೆಯಿಂದ ಬೆಳಗಾವಿ ಕಡೆಗೆ ಹೋಗುವ ತಮ್ಮ ನೇರ ಗಾಡಿ ಎರಡು ವರ್ಷಗಳಿಂದ ಮಿರಜಿನಲ್ಲಿ ಐದೇ ನಿಮಿಷ ನಿಂತು ಹೊರಟುಬಿಡುತ್ತಿದೆ. ಇದರಿಂದ ನಮ್ಮ ಮನೆಗೆ ಆಗಿರುವ ಹಾನಿಯನ್ನು ತಿಳಿಸಲು ಪತ್ರಿಕೆಯ ಮೂಲಕ ಈ ಬಹಿರಂಗ ಪತ್ರ. ಮೂರು ತಿಂಗಳ ಹಿಂದೆ ಇದೇ ವಿಷಯವಾಗಿ ಅರ್ಜಿ ಬರೆದಿದ್ದೆ. ‘ಸದರಿ ಗಾಡಿ ಸರಿಯಾದ ವೇಳೆಗೆ ಓಡುತ್ತಿದ್ದು, ತಮ್ಮ ದೂರು ಏನೆಂದು ತಿಳಿಯಲಿಲ್ಲ’ ಎಂದು ಉತ್ತರ ಬಂತು. ಅದೇ ನನ್ನ ದೂರು, ಸ್ವಾಮಿ. ಗಾಡಿ ಸರಿಯಾದ ವೇಳೆಗೆ ಓಡುತ್ತಿದೆ.

ನನ್ನನ್ನು ವೇಳೆಯ ವೈರಿ ಎಂದು ತಿಳಿಯಬೇಡಿ. ಹಡಪಸರದ ಕಾರ್ಖಾನೆಯೊಂದರಲ್ಲಿ ಹದಿನಾಲ್ಕು ವರ್ಷಗಳಿಂದ ಟೈಮ್‌ಕೀಪರ್ ಆಗಿದ್ದೇನೆ. ತಡವಾಗಿ ಬಂದವರ ಹೆಸರಿನ ಮುಂದೆ ಕೆಂಪು ಗುರುತು ಹಾಕುವುದೇ ನನ್ನ ಹೊಟ್ಟೆಪಾಡು. ಲೋಕಜ್ಞಾನವೂ ಅಷ್ಟಿಷ್ಟು ಇದೆ. ಫ್ರಾನ್ಸಿನಲ್ಲಿ ಒಂದು ಗಾಡಿ ಪರೀಕ್ಷೆಯಲ್ಲಿ ಗಂಟೆಗೆ ಐನೂರ ಹದಿನೈದು ಕಿಲೋಮೀಟರ್ ಓಡಿದ್ದು, ಸಮುದ್ರದ ತಳ ಕೊರೆದು ಇಂಗ್ಲೆಂಡಿಗೆ ಗಾಡಿ ಬಿಟ್ಟದ್ದು, ಜಪಾನಿನ ಜನ ಹೋದ ವರ್ಷದಿಂದ ಗಂಟೆಗೆ ಮುನ್ನೂರು ಕಿಲೋಮೀಟರ್ ವೇಗದಲ್ಲಿ ಓಡಾಡುತ್ತಿರುವುದು, ಈ ವರ್ಷ ನಮ್ಮ ಕೊಂಕಣದ ಗುಡ್ಡಗಳನ್ನೇ ತೂರಿಕೊಂಡು ಗಾಡಿ ಮಂಗಳೂರಿಗೆ ಹೋದದ್ದು, ಎಲ್ಲ ಓದಿದ್ದೇನೆ. ಎಲ್ಲರಿಗೂ ಅಭಿನಂದನೆಗಳು. ಬೇಗ ತಲುಪುವುದು ಹೇಗೆಂದು ಇಡೀ ಜಗತ್ತೇ ತಲೆ ಕೆಡಿಸಿಕೊಂಡಿದೆ. ನಡುವೆ ಎಲ್ಲೋ ಒಂದು ಕಡೆ ತಡವಾಗಲೇಬೇಕಾದವರು ಏನು ಮಾಡಬೇಕು? ಅದರ ಬಗ್ಗೆ ಯಾವ ದೇಶದಲ್ಲಾದರೂ ಸಂಶೋಧನೆ ನಡೆದಿದೆಯೇ?

ಮೊದಲು ಪುಣೆಯಿಂದ ಮಿರಜಿನವರೆಗೆ ದೊಡ್ಡ ಹಳಿ, ಅಲ್ಲಿಂದ ಮುಂದೆ ಸಣ್ಣ ಹಳಿ ಇತ್ತು. ಹೋಗುವವರೆಲ್ಲ ಗಂಟುಮೂಟೆ ಸಮೇತ ಮಿರಜಿನಲ್ಲಿ ಇಳಿದು, ಎರಡೂವರೆ ಗಂಟೆ ಕಾದು, ಸಣ್ಣ ಗಾಡಿ ಹತ್ತಬೇಕಿತ್ತು. ಆ ಎರಡೂವರೆ ಗಂಟೆಗಾಗಿ ನಮ್ಮ ಕಡೆಯವರೆಲ್ಲ ತಮ್ಮ ಇಲಾಖೆಯನ್ನು ಮನಸಾರೆ ಬೈದಿದ್ದಾರೆ. ನಾನೂ ಬೈದಿದ್ದೇನೆ. ಬೈದದ್ದನ್ನೆಲ್ಲ ಈ ಮೂಲಕ ಹಿಂದಕ್ಕೆ ಪಡೆಯುತ್ತೇನೆ.

ನನ್ನ ತಂಗಿ ರೇಣುವನ್ನು ಮಿರಜಿಗೆ ಕೊಟ್ಟಿದ್ದೇವೆ. ಅವಳ ಮಾವ ಸಿದ್ದಲಿಂಗಪ್ಪನವರು ಅಲ್ಲಿ ಕಾಳುಕಡಿ ವ್ಯಾಪಾರಿ, ಒಳ್ಳೆಯವರು, ಮಾತಿನ ಮನುಷ್ಯ. ಮದುವೆಯ ಊಟದಲ್ಲಿ ಅವರ ಅಣ್ಣನವರನ್ನು ಎರಡನೇ ಪಂಕ್ತಿಗೆ ನಿಲ್ಲಿಸಿದವನು ನಾನು. ಗದ್ದಲದಲ್ಲಿ ಹಿರಿಯರು ಯಾರು, ಕಿರಿಯರು ಯಾರು ನೋಡಲಿಲ್ಲ. ತಪ್ಪು ನನ್ನದೇ.

“ನಮ್ಮಣ್ಣಗ ಎರಡನೇ ಪಂಕ್ತಿ ತೋರಿಸಿದ್ರಿ. ಇನ್ನ ನೀವು ನಮ್ಮ ಹೊಸ್ತಿಲಾ ತುಳೀಬ್ಯಾಡ್ರಿ. ನಮ್ಮ ಸೊಸಿನೂ ನಿಮ್ಮಲ್ಲಿ ಬರೂದಿಲ್ಲ,” ಎಂದರು ಅವರು.

ನಮ್ಮ ಅವ್ವ ಭೀಮವ್ವ ಸುಮ್ಮನಿರುವವಳೇ? “ನೀವಾಗೇ ಕರದ ಹೊರತು ನಾ ಬರೂದಿಲ್ರೀ,” ಎಂದಳು. ಇಬ್ಬರೂ ಆಡಿದ ಮಾತಿಗೆ ತಪ್ಪುವವರಲ್ಲ. ಅದೇ ಪೀಡೆಯಾಯಿತು.

ಆದರೆ ಮಿರಜಿನಲ್ಲಿ ಗಾಡಿ ಬದಲಿಸುವುದು ಬೀಗರ ಮನೆಗೆ ಬಂದಂತಲ್ಲವಲ್ಲ! ಘಟಪ್ರಭಾದ ಹತ್ತಿರ ಅವ್ವನ ತವರು. ವರ್ಷಕ್ಕೆ ಒಮ್ಮೆ ಹೋಗುತ್ತಿದ್ದವಳು ಮಗಳ ಮದುವೆಯಾದ ಮೇಲೆ ನಾಲ್ಕು ಸಲ ಹೋಗತೊಡಗಿದಳು. ರೈಲ್ವೆಯವರು ಇಳಿಸಿದರು, ಆಕೆ ಇಳಿದಳು, ಅಷ್ಟೇ. ಅತ್ತ ಸಿದ್ದಲಿಂಗಪ್ಪನವರು, ದಾರಿಹೋಕರಿಗೆ ಬುತ್ತಿ ಕೊಡುವುದು ಪುಣ್ಯದ ಕೆಲಸವೆಂದು ಹೇಳಿ ಸೊಸೆಯನ್ನು ಸ್ಟೇಶನ್ನಿಗೆ ಕಳಿಸುತ್ತಿದ್ದರು. ಮೂರನೇ ಸಲದಿಂದ ತಾವೂ ಬಂದು ಎರಡು ಬೆಂಚು ಆಚೆ ಬೆನ್ನು ತಿರುಗಿಸಿ ಕೂರುತ್ತಿದ್ದರು. ತಾಯಿ ಮಗಳು ರೊಟ್ಟಿ ತಿನ್ನುತ್ತ ಎರಡೂವರೆ ಗಂಟೆ ಮಾತಾಡುತ್ತಿದ್ದರು. ಯಾರ ಮಾತೂ ಮುರಿಯಲಿಲ್ಲ, ಯಾರ ಮಾನವೂ ಹೋಗಲಿಲ್ಲ. ಇಂಥ ಏರ್ಪಾಡನ್ನು ತಾವು ಹಳಿ ಅಗಲ ಮಾಡುತ್ತೇವೆಂದು ಕಿತ್ತುಹಾಕಿದಿರಿ. ಹಾಗೆ ಮಾಡುವ ಮುನ್ನ ಯಾರನ್ನಾದರೂ ಕೇಳಿದಿರಾ?

ರೇಣುವಿಗೆ ಈಗ ಏಳು ತಿಂಗಳ ಹೆಣ್ಣುಮಗು. ಚೊಚ್ಚಲ ಬಾಣಂತನ ತವರಿನಲ್ಲಿ ಆಗಬೇಕಿತ್ತು, ಆಗಲಿಲ್ಲ. ಅವ್ವ ಆ ಮಗುವನ್ನು ಇನ್ನೂ ಎತ್ತಿಕೊಂಡಿಲ್ಲ. ಇದನ್ನು ಬರೆಯುವಾಗ ನನಗೆ ನಾಚಿಕೆಯೂ ಆಗುತ್ತದೆ, ಸಿಟ್ಟೂ ಬರುತ್ತದೆ. ಮಗುವಿಗೆ ಎರಡು ತಿಂಗಳಾದಾಗ ಅವ್ವ ಅದರ ತಲೆಗೊಂದು ಕುಂಚಿಗೆ ಹೊಲಿದುಕೊಂಡು ನನ್ನೊಂದಿಗೆ ತಮ್ಮ ಗಾಡಿ ಹತ್ತಿದಳು. ನಮ್ಮ ಬೋಗಿ ಹಿಂದೆ ಇರುತ್ತದೆಂದು ರೇಣು ಪ್ಲಾಟ್‌ಫಾರ್ಮಿನ ಆ ತುದಿಯಲ್ಲಿ ಕಾಯುತ್ತಿದ್ದಳು. ಬೋಗಿ ಇದ್ದದ್ದು ಇಂಜಿನ್ನಿನ ಪಕ್ಕದಲ್ಲಿ. ಹತ್ತುವವರ ನೂಕಾಟದಲ್ಲಿ ಅವ್ವನಿಗೆ ಬಾಗಿಲಿನತ್ತ ಹೋಗಲು ಆಗಲಿಲ್ಲ. ರೇಣು ಮಗುವನ್ನು ಅವಚಿಕೊಂಡು ಜನರ ನಡುವೆ ಓಡಿ ಬರುವಷ್ಟರಲ್ಲಿ ಸೀಟಿ ಆಯಿತು. ಅವಳ ಹಿಂದೆ ಒಂದು ಕೈಯಲ್ಲಿ ಬುತ್ತಿ, ಇನ್ನೊಂದರಲ್ಲಿ ಧೋತರದ ಚುಂಗು ಹಿಡಿದು ಓಡುತ್ತಿದ್ದವರು ಸಿದ್ದಲಿಂಗಪ್ಪನವರು.

“ಏ ಗಾರ್ಡ್ ಸಾಹೇಬ್ರ, ಎರಡು ಮಿನಿಟ್ ನಿಲ್ಲಸ್ರೀ! ಕೂಸು ಅದರೀ, ಕೂಸು!”

ಗಾಡಿ ನಿಲ್ಲಲಿಲ್ಲ. ಒಂದು ನಿಮಿಷವೂ ತಡವಾಗಲಿಲ್ಲ. ನಾನೇ ಗಡಿಯಾರ ನೋಡಿದೆ. “ಮಾರಿ ಕಾಣಲಿಲ್ಲಪಾ, ಬರೇ ಒಂದು ಕಾಲು ಕಂಡ್ತು,” ಎಂದು ಅವ್ವ ಘಟಪ್ರಭಾದವರೆಗೂ ಹೇಳುತ್ತಲೇ ಇದ್ದಳು. ಆ ಕುಂಚಿಗೆ ಈಗ ಮಗುವಿಗೆ ಚಿಕ್ಕದಾಗಿದೆಯೆಂದು ಲೆಕ್ಕ ಹಾಕಿ ಇನ್ನೊಂದು ಹೊಲಿದಿದ್ದಾಳೆ.

ಅವರೇ ಮನೆಗೆ ಕರೆಯಬಹುದಲ್ಲ, ಇವರೇ ಹೋಗಬಹುದಲ್ಲ ಎಂದು ತಾವು ಕೇಳಬಹುದು. ನಮ್ಮ ಜನ ತಮಗೆ ಗೊತ್ತಿಲ್ಲ. ಅದಕ್ಕೇ ಎರಡು ಗಂಟೆ ತಡ ಮಾಡಿ ಎಂದು ಅರ್ಜಿ ಹಾಕಿದ್ದೆ. ಜಪಾನಿನಲ್ಲಿ ಗಾಡಿ ಒಂದು ನಿಮಿಷ ತಡವಾದರೂ ಕ್ಷಮೆ ಕೇಳುತ್ತಾರಂತೆ. ನಾವು ಅದನ್ನೂ ಕೇಳಿರಲಿಲ್ಲ. ನಾನು ಊರಿನಿಂದ ಡ್ಯೂಟಿಗೆ ಮರಳುವ ದಿನಗಳಲ್ಲೆಲ್ಲ ತಪ್ಪದೆ ತಡವಾಗುತ್ತಿದ್ದ ತಮ್ಮ ಗಾಡಿಗಳು, ಬೇಕಾದಾಗ ಮಾತ್ರ ಇಷ್ಟು ಶಿಸ್ತು ಕಲಿತದ್ದು ಎಲ್ಲಿಂದ?

ಹೋಗಲಿ. ತಡ ಮಾಡುವುದು ತಮ್ಮಿಂದಾಗದು ಎಂದು ತಿಳಿದು ನಾನೇ ಒಂದು ಕೆಲಸ ಮಾಡಿದ್ದೇನೆ. ಬರುವ ಹದಿನಾಲ್ಕನೇ ತಾರೀಖು ಅವ್ವ ಎಸ್-ನಾಲ್ಕನೇ ಬೋಗಿಯಲ್ಲಿ ಒಬ್ಬಳೇ ಹೊರಡುತ್ತಾಳೆ. ನನಗೆ ರಜೆ ಸಿಗಲಿಲ್ಲವೆಂದು ಹೇಳಿದ್ದೇನೆ. ಅವಳ ಟಿಕೇಟು ಮಿರಜಿನವರೆಗೆ ಮಾತ್ರ ಇದೆ. ಅವಳಿಗೆ ಓದು ಬರುವುದಿಲ್ಲ, ಘಟಪ್ರಭಾದವರೆಗೆ ಇದೆ ಎಂದೇ ನಂಬಿದ್ದಾಳೆ. ಆದ್ದರಿಂದ ಅಂದು ತಮ್ಮ ಟಿ.ಸಿ. ಕಟ್ಟುನಿಟ್ಟಿನ ಮನುಷ್ಯನಾಗಿರಬೇಕು. ಅವ್ವ ಬೈಯುತ್ತಾಳೆ, ಅಳುತ್ತಾಳೆ, ತನ್ನ ವಯಸ್ಸು ಹೇಳುತ್ತಾಳೆ. ಕರಗಬಾರದು. ದಂಡ ಹಾಕಿ ಮುಂದೆ ಬಿಡಲೂಬಾರದು. ಯಾರಾದರೂ ಕೇಳಿದರೆ ಕಂಪ್ಯೂಟರಿನ ತಪ್ಪು ಎಂದುಬಿಡಿ, ಎಷ್ಟೋ ತಪ್ಪು ಅದರ ತಲೆಗೆ ಕಟ್ಟಿದ್ದೀರಿ, ಇದೂ ಒಂದು. ಮುಂದಿನ ಗಾಡಿ ಮರುದಿನ ಬೆಳಿಗ್ಗೆ. ಅರವತ್ತು ದಾಟಿದ ಹೆಣ್ಣುಮಗಳನ್ನು ಅಲ್ಲಿಯವರೆಗೆ ಸ್ಟೇಶನ್ನಿನಲ್ಲಿ ಕೂರಿಸಿ ಮನೆಗೆ ಹೋಗುವ ಜಾತಿಯವರಲ್ಲ ಸಿದ್ದಲಿಂಗಪ್ಪನವರು. “ಬರ್ರಿ ಬೀಗತಿ” ಎಂದು ಅವರು ಕರೆಯಲೇಬೇಕು, ಅವ್ವ ಹೋಗಲೇಬೇಕು. ಅವರು ಈ ಪತ್ರಿಕೆಯನ್ನು ಜಾಹೀರಾತೂ ಬಿಡದೆ ಓದುವವರು. ಇದನ್ನೂ ಓದುತ್ತಾರೆ. ಓದಿಲ್ಲವೆಂಬಂತೆ ಮುಖ ಮಾಡಿಕೊಂಡು ಆ ದಿನ ಗಾಡಿಗೆ ಬರುತ್ತಾರೆ.

ತಾವು ಮಾಡಬೇಕಾದದ್ದು ಇಷ್ಟೇ. ನಮ್ಮ ಅವ್ವನನ್ನು ಇಳಿಸಿ.

ಇಂತಿ,
ಹೆತ್ತವಳನ್ನು ನಡುದಾರಿಯಲ್ಲಿ ಇಳಿಸಿರೆಂದು ಕೈಮುಗಿಯುತ್ತಿರುವ ಮಗ,
ಬಸವಲಿಂಗ
ಧನಕವಡಿ, ಪುಣೆ
೧೯೯೮